ಎಪ್ಪತ್ತು ಸಲ ನೆಲಕ್ಕೆ: ಜೋ ಬರ್ರೋ ಬಿದ್ದು ಎದ್ದ ಲೆಕ್ಕ

2022ರ ಜನವರಿ 22ರಂದು ನ್ಯಾಶ್‌ವಿಲ್‌ನಲ್ಲಿ ಟೆನೆಸ್ಸೀ ಟೈಟನ್ಸ್ ಮತ್ತು ಸಿನ್ಸಿನಾಟಿ ಬೆಂಗಾಲ್ಸ್ ನಡುವೆ ಅಮೆರಿಕನ್ ಫುಟ್‌ಬಾಲ್‌ನ ನಾಕ್‌ಔಟ್ ಹಂತದ ಪ್ಲೇಆಫ್ ಪಂದ್ಯ. ಬೆಂಗಾಲ್ಸ್‌ನ ಕ್ವಾರ್ಟರ್‌ಬ್ಯಾಕ್ ಜೋ ಬರ್ರೋ ಅವರಿಗೆ ಆಗ 25 ವರ್ಷ. ಆ ಸಂಜೆ ಟೈಟನ್ಸ್ ಆಟಗಾರರು ಅವರನ್ನು ಚೆಂಡಿನ ಸಮೇತ 9 ಸಲ ನೆಲಕ್ಕೆ ಕೆಡವಿದರು. ಅದರಲ್ಲಿ 3 ಸಲ ಕೆಡವಿದ್ದು ಜೆಫ್ರಿ ಸಿಮನ್ಸ್ ಒಬ್ಬರೇ. ಪ್ರತಿ ಸಲವೂ ಬರ್ರೋ ಎದ್ದರು, ಹೆಲ್ಮೆಟ್ ಸರಿಮಾಡಿಕೊಂಡು ಮತ್ತೆ ಅದೇ ಜಾಗಕ್ಕೆ ಹೋಗಿ ನಿಂತರು. ಎಸೆದ 37ರಲ್ಲಿ 28 ಚೆಂಡು ಜೊತೆಗಾರರ ಕೈ ಸೇರಿತು, 348 ಗಜ ಬಂತು. ಸ್ಕೋರು 16–16 ಇದ್ದಾಗ, ಆಟ ಮುಗಿಯಲು 20 ಸೆಕೆಂಡ್ ಉಳಿದಿರುವಂತೆ ಚೆಂಡು ಬೆಂಗಾಲ್ಸ್ ಪಾಲಾಯಿತು. ಬರ್ರೋ ಒಂದು ಎಸೆತದಲ್ಲಿ ಜಮಾರ್ ಚೇಸ್‌ಗೆ 19 ಗಜ ದಾಟಿಸಿದರು. ಇವಾನ್ ಮೆಕ್‌ಫರ್ಸನ್ 52 ಗಜ ದೂರದಿಂದ ಚೆಂಡನ್ನು ಕಂಬಗಳ ನಡುವೆ ಒದ್ದರು. 19–16. ಪ್ಲೇಆಫ್‌ನಲ್ಲಿ 9 ಸಲ ಬಿದ್ದ ಕ್ವಾರ್ಟರ್‌ಬ್ಯಾಕ್ ಗೆದ್ದದ್ದು ಅದೇ ಮೊದಲು.

ಆ ರಾತ್ರಿಯೇ ಶುರುವಾದ ವಾದ ಇನ್ನೂ ಮುಗಿದಿಲ್ಲ. ಇಷ್ಟು ಸಲ ಬಿದ್ದದ್ದು ಯಾರ ತಪ್ಪು? ಕಾಯಬೇಕಾದವರದೇ, ಚೆಂಡನ್ನು ಹೆಚ್ಚು ಹೊತ್ತು ಕೈಯಲ್ಲಿ ಹಿಡಿದವರದೇ? ಸಿನ್ಸಿನಾಟಿಯ ಅಭಿಮಾನಿಗಳು ಇದಕ್ಕಾಗಿ ವರ್ಷಗಟ್ಟಲೆ ಗಂಟಲು ಹರಿದುಕೊಂಡಿದ್ದಾರೆ. ನನಗೆ ಅನ್ನಿಸುವ ಹಾಗೆ, ಒತ್ತಡದಲ್ಲಿ ಆತ ಹೇಗೆ ಆಡಿದ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಆತ ಎಷ್ಟು ಸಲ ಒತ್ತಡಕ್ಕೆ ಸಿಕ್ಕಿದ, ಅದರ ಬೆಲೆಯನ್ನು ಯಾರು ತೆತ್ತರು? ಈ ಲೆಕ್ಕಕ್ಕೆ ಬೇಕಾದ ಅಂಕಿಗಳೆಲ್ಲ ಕಣ್ಣೆದುರೇ ಇವೆ.

ಈ ಆಟಕ್ಕೆ ಹೊಸಬರಾದವರಿಗೆ ಒಂದೆರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹೊಂದಿದ ತಂಡಕ್ಕೆ 4 ಅವಕಾಶ; ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ 4. ಕ್ವಾರ್ಟರ್‌ಬ್ಯಾಕ್ ಚೆಂಡು ಪಡೆದು, ಓಡುತ್ತಿರುವ ಜೊತೆಗಾರರಲ್ಲಿ ಒಬ್ಬನನ್ನು ಆರಿಸಿ ಎಸೆಯುತ್ತಾನೆ. ಅದಕ್ಕೆ ಅವನಿಗೆ ಸಿಗುವುದು ಸರಿಸುಮಾರು ಎರಡೂವರೆ ಸೆಕೆಂಡ್. ಅಷ್ಟು ಹೊತ್ತು ಅವನ ಮುಂದೆ ಐವರು ಗೋಡೆಯಂತೆ ನಿಂತು ಎದುರಾಳಿಗಳನ್ನು ತಡೆಯುತ್ತಾರೆ: ನಡುವೆ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್‌ಗಳು, ಎರಡು ತುದಿಗೆ ಟ್ಯಾಕಲ್‌ಗಳು. ಒಬ್ಬೊಬ್ಬರೂ ಒಂದೂಕಾಲು ಕ್ವಿಂಟಲ್‌ಗಿಂತ ಹೆಚ್ಚು ತೂಗುವವರು. ಗೋಡೆ ಒಡೆದು ಎದುರಾಳಿ ಒಳಗೆ ನುಗ್ಗಿ ಕ್ವಾರ್ಟರ್‌ಬ್ಯಾಕನ್ನು ಚೆಂಡಿನ ಸಮೇತ ಕೆಡವಿದರೆ ಅದು ‘ಸ್ಯಾಕ್’. ಒಂದು ಅವಕಾಶ ಹೋಯಿತು, ಜೊತೆಗೆ ಗಜಗಳೂ ಹೋದವು. ಕ್ರಿಕೆಟ್‌ನಲ್ಲಿ ಬ್ಯಾಟ್ಸ್‌ಮನ್‌ಗೆ ಬೌಲರ್ ಓಡಿಬರುವುದು ಕಾಣುತ್ತದೆ. ಇಲ್ಲಿ ಬಲಗೈ ಎಸೆತಗಾರನ ಎಡ ಬೆನ್ನಿನ ಕಡೆಯಿಂದ ಬರುವ ಆಳು ಅವನಿಗೆ ಕಾಣುವುದೇ ಇಲ್ಲ; ಮೈಮೇಲೆ ಬಿದ್ದಾಗಲೇ ಗೊತ್ತು.

ಬರ್ರೋ 2019ರಲ್ಲಿ ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಪರ 60 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲು ಗೆರೆ ದಾಟಿಸುವ) ಎಸೆತ ಹಾಕಿ, 15ಕ್ಕೆ 15 ಪಂದ್ಯ ಗೆದ್ದು ಬಂದವರು. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ 2020ರ ಡ್ರಾಫ್ಟ್‌ನಲ್ಲಿ ಬೆಂಗಾಲ್ಸ್ ಅವರನ್ನು ಮೊದಲ ಆಯ್ಕೆಯಾಗಿ ತೆಗೆದುಕೊಂಡಿತು. 4 ವರ್ಷಕ್ಕೆ 3.62 ಕೋಟಿ ಡಾಲರ್ ಒಪ್ಪಂದ. ಮೊದಲ ವರ್ಷ 10 ಪಂದ್ಯಕ್ಕೆ 32 ಸ್ಯಾಕ್. ಹತ್ತನೆಯ ಪಂದ್ಯ ನಡೆದದ್ದು ನವೆಂಬರ್ 22ರಂದು, ವಾಷಿಂಗ್ಟನ್ ತಂಡದ ಎದುರು. ಚೆಂಡು ಕೈಬಿಟ್ಟ ಮರುಕ್ಷಣ ಇಬ್ಬರು, ಒಬ್ಬ ಮೇಲಿಂದ ಒಬ್ಬ ಕೆಳಗಿಂದ, ಬಂದು ಅಪ್ಪಳಿಸಿದರು. ಎಡ ಮೊಣಕಾಲಿನ ಎರಡು ಪ್ರಮುಖ ಅಸ್ಥಿರಜ್ಜುಗಳು ಹರಿದವು. ಗಾಲಿಗಾಡಿಯ ಮೇಲೆ ಕೂರಿಸಿ ಹೊರಗೆ ಕರೆದೊಯ್ದರು. ಒಂದು ವಿಷಯವನ್ನು ಓದುಗರು ಮರೆಯಬಾರದು. ಆ ಹೊಡೆತ ಬಿದ್ದಾಗ ಚೆಂಡು ಆಗಲೇ ಗಾಳಿಯಲ್ಲಿತ್ತು, ಹಾಗಾಗಿ ಆ 32ರಲ್ಲಿ ಅದು ಸೇರಿಲ್ಲ. ಅವರ ಆಟದ ಬದುಕಿನ ಅತಿ ದುಬಾರಿ ಪೆಟ್ಟುಗಳಲ್ಲಿ ಒಂದಕ್ಕೆ ಸ್ಯಾಕ್ ಪಟ್ಟಿಯಲ್ಲಿ ಜಾಗವೇ ಇಲ್ಲ.

ಮುಂದಿನ ವಸಂತದಲ್ಲಿ, 2021ರ ಡ್ರಾಫ್ಟ್‌ಗೆ ಮೊದಲು, ಊರು ಎರಡು ಪಾಲಾಯಿತು. ಬೆಂಗಾಲ್ಸ್ ಕೈಯಲ್ಲಿ ಐದನೆಯ ಆಯ್ಕೆ. ಒಂದು ಪಾಲಿನವರು ಕೇಳಿದ್ದು ಆರೆಗನ್‌ನ ಟ್ಯಾಕಲ್ ಪೆನೇ ಸೂವೆಲ್ ಅವರನ್ನು: ಮೊಣಕಾಲು ಮುರಿದುಕೊಂಡು ಮಲಗಿದ್ದಾನೆ, ಮೊದಲು ಗೋಡೆ ಕಟ್ಟಿ. ಇನ್ನೊಂದು ಪಾಲಿನವರು ಕೇಳಿದ್ದು ಕಾಲೇಜಿನಲ್ಲಿ ಬರ್ರೋ ಜೊತೆಗೇ ಆಡಿದ್ದ ಚೆಂಡು ಹಿಡಿಯುವ ಆಟಗಾರ ಜಮಾರ್ ಚೇಸ್ ಅವರನ್ನು: ಎಸೆಯಲು ಆಳು ಇದ್ದರೆ ಚೆಂಡು ಬೇಗ ಕೈಬಿಡುತ್ತದೆ, ಗೋಡೆಯ ಹಂಗು ಕಡಿಮೆ. ತಂಡ ಚೇಸ್ ಅವರನ್ನು ಆರಿಸಿತು. ಸೂವೆಲ್ ಏಳನೆಯವರಾಗಿ ಡೆಟ್ರಾಯಿಟ್‌ಗೆ ಹೋದರು.

ಆ ವರ್ಷ ಎರಡು ಪಾಲಿನವರ ಮಾತೂ ನಿಜವಾಯಿತು. ಚೇಸ್ 81 ಚೆಂಡು ಹಿಡಿದು 1,455 ಗಜ, 13 ಟಚ್‌ಡೌನ್ ಗಳಿಸಿದರು. ಬರ್ರೋ ಎಸೆದ ಚೆಂಡುಗಳಲ್ಲಿ ಶೇ 70.4 ಗುರಿ ಸೇರಿದವು. ಲೀಗ್‌ನಲ್ಲಿ ಅದೇ ಮೇಲಿನ ಸ್ಥಾನ. ಅದೇ ಬರ್ರೋ 51 ಸಲ ಬಿದ್ದರು. ಅದರಲ್ಲೂ ಲೀಗ್‌ಗೆ ಮೊದಲಿಗರು. 51 ಸ್ಯಾಕ್‌ಗಳಲ್ಲಿ ಕಳೆದುಹೋದದ್ದು 370 ಗಜ, ಸಲಕ್ಕೆ ಏಳು ಗಜದ ಮೇಲೆ. ಗೋಲು ಗೆರೆಯಿಂದ ಗೋಲು ಗೆರೆಗೆ ಮೈದಾನ 100 ಗಜ. ಅಂದರೆ ಮೂರೂಮುಕ್ಕಾಲು ಮೈದಾನದಷ್ಟು ನೆಲ ಒಂದೇ ವರ್ಷದಲ್ಲಿ ಹಿಂದಕ್ಕೆ ಹೋಯಿತು.

ಪ್ಲೇಆಫ್‌ನ ನಾಲ್ಕು ಪಂದ್ಯಗಳಲ್ಲಿ 2, 9, 1, 7. ಒಟ್ಟು 19. ಋತುವಿನ 51 ಸೇರಿಸಿದರೆ 70.

ಕೊನೆಯ ಆ 7 ಬಿದ್ದದ್ದು ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ. 2022ರ ಫೆಬ್ರುವರಿ 13, ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್; ನಮ್ಮಲ್ಲಿ ಸೋಮವಾರ ಬೆಳಗಿನ ಐದು ಗಂಟೆಗೆ ಆಟ ಶುರು. ರ್‍ಯಾಮ್ಸ್ 23, ಬೆಂಗಾಲ್ಸ್ 20. ಮುಕ್ಕಾಲು ನಿಮಿಷವೂ ಉಳಿದಿಲ್ಲ. ನಾಲ್ಕನೆಯ ಅವಕಾಶ, ಬೇಕಾದದ್ದು ಒಂದೇ ಗಜ, ಚೆಂಡು ರ್‍ಯಾಮ್ಸ್‌ನ 49 ಗಜದ ಗೆರೆಯಲ್ಲಿ. ಆ ಕೆಲವು ಕ್ಷಣಗಳನ್ನು ನಿಧಾನವಾಗಿ ಓಡಿಸಿ ನೋಡಿ. ಮೈದಾನದ ಒಂದು ಅಂಚಿನಲ್ಲಿ ಚೇಸ್ ತಮ್ಮನ್ನು ಕಾಯುತ್ತಿದ್ದ ಜೇಲನ್ ರ್‍ಯಾಮ್ಸೀ ಅವರನ್ನು ದಾಟಿ ಹೋಗಿದ್ದಾರೆ. ಅವರ ಮುಂದೆ ಬರಿ ಹುಲ್ಲು. ಅತ್ತ ನಡುವಿನಿಂದ ಆ್ಯರನ್ ಡೊನಾಲ್ಡ್ ಗಾರ್ಡ್‌ನನ್ನು ಸರಿಸಿ ನುಗ್ಗಿ ಬರ್ರೋ ಅವರ ಸೊಂಟ ಹಿಡಿದು ತಿರುಗಿಸಿದ್ದಾರೆ. ತಿರುಗುತ್ತಲೇ, ನೆಲಕ್ಕೆ ಬೀಳುವ ಮೊದಲು, ಬರ್ರೋ ಚೆಂಡನ್ನು ಹತ್ತಿರದಲ್ಲಿದ್ದ ಸಮಜೆ ಪೆರೈನ್ ಕಡೆ ತಳ್ಳುತ್ತಾರೆ. ಚೆಂಡು ನೆಲಕ್ಕೆ. 39 ಸೆಕೆಂಡ್ ಬಾಕಿ, ಕಪ್ ಕೈತಪ್ಪಿತು. ಇನ್ನೊಂದು ಸೆಕೆಂಡ್ ಸಿಕ್ಕಿದ್ದರೆ ಎಂದು ಸಿನ್ಸಿನಾಟಿ ಇವತ್ತಿಗೂ ಕೊರಗುತ್ತದೆ. ಆ ಕೊರಗು ನ್ಯಾಯವಾದದ್ದು. 31 ವರ್ಷ ಒಂದೂ ಪ್ಲೇಆಫ್ ಪಂದ್ಯ ಗೆಲ್ಲದಿದ್ದ ತಂಡವನ್ನು ಅಲ್ಲಿಯವರೆಗೆ ತಂದವರಿಗೆ ಆ ಒಂದು ಸೆಕೆಂಡ್ ಕೊಡಲು ಆಗಲಿಲ್ಲ.

ಇನ್ನು ಎದುರು ವಾದ. ಸ್ಯಾಕ್‌ಗೆ ಕ್ವಾರ್ಟರ್‌ಬ್ಯಾಕೂ ಹೊಣೆ, ದೂರದ ಎಸೆತದ ಆಸೆಗೆ ಚೆಂಡು ಬಿಡದೆ ನಿಲ್ಲುವವನು ಬೀಳುತ್ತಾನೆ ಎನ್ನುವ ಮಾತು. ಇದನ್ನು ತಳ್ಳಿಹಾಕುವಂತಿಲ್ಲ. ಬಿದ್ದ ಸಂಖ್ಯೆಯನ್ನು ಮಾತ್ರ ನೋಡದೆ, ಎಸೆಯಲು ಹೊರಟ ನೂರರಲ್ಲಿ ಎಷ್ಟು ಸಲ ಬಿದ್ದರು ಎಂದು ನಾನು ಕೂಡಿಸಿ ಭಾಗಿಸಿ ನೋಡಿದೆ. 2020ರಲ್ಲಿ 404 ಎಸೆತ, 32 ಸ್ಯಾಕ್: ಶೇ 7.3. 2021ರಲ್ಲಿ 520ಕ್ಕೆ 51: ಶೇ 8.9. 2022ರಲ್ಲಿ 606ಕ್ಕೆ 41: ಶೇ 6.3. 2023ರಲ್ಲಿ 365ಕ್ಕೆ 24: ಶೇ 6.2. 2024ರಲ್ಲಿ 652ಕ್ಕೆ 48: ಶೇ 6.9. ಈ ನಡುವೆ ತಂಡ ಗೋಡೆಗೆ ಹಣ ಸುರಿಯಿತು. 2022ರಲ್ಲಿ ಲಾಯೆಲ್ ಕಾಲಿನ್ಸ್, ಅಲೆಕ್ಸ್ ಕಾಪ್ಪ, ಟೆಡ್ ಕ್ಯಾರಸ್ ಮೂವರನ್ನೂ ಹೊರಗಿನಿಂದ ತಂದಿತು. ಹೊಸ ಗೋಡೆಯ ಹಿಂದೆ ಮೊದಲ ಎರಡು ಪಂದ್ಯದಲ್ಲೇ 13 ಸ್ಯಾಕ್! ಆಮೇಲೆ ಪ್ರಮಾಣ ಇಳಿಯಿತು, ನಿಜ. ಆದರೆ ಆರಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಗೋಡೆ ಬದಲಾದರೂ ಬದಲಾಗದೆ ಉಳಿದ ಈ ಭಾಗದಲ್ಲಿ ಬರ್ರೋ ಅವರ ಪಾಲೂ ಇದೆ ಎಂದು ಒಪ್ಪಬೇಕು. 2023ರ ಜನವರಿಯಲ್ಲಿ ಬಫಲೋದ ಹಿಮದಲ್ಲಿ ಐವರಲ್ಲಿ ಮೂವರು ಗಾಯಗೊಂಡು ಹೊರಗಿದ್ದಾಗ, ಚೆಂಡನ್ನು ಬೇಗ ಬೇಗ ಬಿಟ್ಟು 27–10ರಿಂದ ಗೆದ್ದವರೂ ಅವರೇ. ವಾರದ ಬಳಿಕ ಅದೇ ಒಡಕು ಗೋಡೆಯ ಹಿಂದೆ ಕ್ಯಾನ್ಸಸ್ ಸಿಟಿಯಲ್ಲಿ 5 ಸಲ ಬಿದ್ದರು, 23–20ರಲ್ಲಿ ಸೋತರು.

ಹಾಗಾದರೆ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗೆ ಗೋಡೆ ಬೇಡವೇ? ಇದಕ್ಕೆ ಕ್ಯಾನ್ಸಸ್ ಸಿಟಿಯ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಅವರ ಮೂರು ಸೂಪರ್ ಬೌಲ್‌ಗಳನ್ನು ನೋಡಿದರೆ ಸಾಕು. 2021ರ ಫೆಬ್ರುವರಿಯಲ್ಲಿ ಎರಡೂ ತುದಿಯ ಟ್ಯಾಕಲ್‌ಗಳು ಗಾಯಗೊಂಡಿದ್ದರು. ಎಸೆಯಲು ಹೊರಟ 56 ಸಲದಲ್ಲಿ 29 ಸಲ ಎದುರಾಳಿ ಮೈಮೇಲೆ ಬಂದ; ಸೂಪರ್ ಬೌಲ್‌ನಲ್ಲಿ ಅದು ದಾಖಲೆ. ಚೆಂಡು ಬಿಡುವ ಮೊದಲು ತಪ್ಪಿಸಿಕೊಳ್ಳಲೆಂದೇ ಅವರು 497 ಗಜ ಓಡಿದರು. 31–9ರಲ್ಲಿ ಸೋಲು. ತಂಡ ಬೇಗನೆ ಕೆಲಸಕ್ಕೆ ಇಳಿಯಿತು: ಜೋ ಥೂನಿಗೆ 5 ವರ್ಷಕ್ಕೆ 8 ಕೋಟಿ ಡಾಲರ್, ಬಾಲ್ಟಿಮೋರ್‌ನಿಂದ ಆರ್ಲಾಂಡೊ ಬ್ರೌನ್ ಜೂನಿಯರ್, ಡ್ರಾಫ್ಟ್‌ನಲ್ಲಿ ಇಬ್ಬರು ಹೊಸಬರು. ಎರಡು ವರ್ಷದ ಬಳಿಕ, ಋತುವಿನಲ್ಲಿ 70 ಸ್ಯಾಕ್ ಮಾಡಿ ಬಂದ ಫಿಲಡೆಲ್ಫಿಯಾ ಎದುರು ಮಹೋಮ್ಸ್ ಒಮ್ಮೆಯೂ ಬೀಳಲಿಲ್ಲ. 38–35, ಗೆಲುವು. ಮತ್ತೆರಡು ವರ್ಷಕ್ಕೆ ಅದೇ ಫಿಲಡೆಲ್ಫಿಯಾ, ಹೆಚ್ಚುವರಿ ಆಳನ್ನು ನುಗ್ಗಿಸದೆ, ಬರಿ ಮುಂಚೂಣಿಯ ನಾಲ್ವರಿಂದಲೇ 6 ಸಲ ಕೆಡವಿತು. 40–22, ಸೋಲು. ಎಸೆಯುವ ಕೈ ಒಂದೇ, ತಲೆ ಒಂದೇ. ಮುಂದೆ ನಿಂತ ಐವರ ಆಟ ಮಾತ್ರ ಮೂರು ಸಲ ಮೂರು ಥರ.

ಹಣದ ಕಡೆ ಬರೋಣ. ಇಲ್ಲಿ ಪ್ರತಿ ತಂಡಕ್ಕೂ ಸಂಬಳದ ಮಿತಿ ಇದೆ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಸಿಗುವುದಿಲ್ಲ. 2023ರ ಮಾರ್ಚ್‌ನಲ್ಲಿ ಬೆಂಗಾಲ್ಸ್ ಅದೇ ಆರ್ಲಾಂಡೊ ಬ್ರೌನ್ ಅವರನ್ನು 4 ವರ್ಷಕ್ಕೆ 6.4 ಕೋಟಿ ಡಾಲರ್ ಕೊಟ್ಟು ತಂದಿತು. ಸೆಪ್ಟೆಂಬರ್‌ನಲ್ಲಿ ಬರ್ರೋ ಜೊತೆ 5 ವರ್ಷಕ್ಕೆ 27.5 ಕೋಟಿ ಡಾಲರ್, ಆಗಿನ ದರದಲ್ಲಿ ಸುಮಾರು 2,280 ಕೋಟಿ ರೂಪಾಯಿ. ವರ್ಷಕ್ಕೆ ಸರಾಸರಿ 5.5 ಕೋಟಿ ಡಾಲರ್, ಆ ಹೊತ್ತಿಗೆ ಲೀಗ್‌ನಲ್ಲೇ ಅತಿ ಹೆಚ್ಚು. 2025ರ ಮಾರ್ಚ್‌ನಲ್ಲಿ ಚೇಸ್‌ಗೆ 4 ವರ್ಷಕ್ಕೆ 16.1 ಕೋಟಿ, ಚೆಂಡು ಹಿಡಿಯುವ ಇನ್ನೊಬ್ಬ ಆಟಗಾರ ಟೀ ಹಿಗ್ಗಿನ್ಸ್‌ಗೆ 4 ವರ್ಷಕ್ಕೆ 11.5 ಕೋಟಿ. ಮೂವರ ವಾರ್ಷಿಕ ಸರಾಸರಿ ಕೂಡಿಸಿದರೆ 12.4 ಕೋಟಿ ಡಾಲರ್. ಆ ವರ್ಷದ ಮಿತಿ 27.92 ಕೋಟಿ. ಒಪ್ಪಂದದ ಹಣ ವರ್ಷ ವರ್ಷ ಏರುಪೇರಾಗಿ ಲೆಕ್ಕಕ್ಕೆ ಬರುತ್ತದೆ ಎಂಬುದು ಸರಿ. ಆದರೂ ಸರಾಸರಿಯಲ್ಲಿ 53 ಜನರ ತಂಡದ ಮೂವರಿಗೇ ಮಿತಿಯ ಶೇ 44. ಉಳಿದ 50 ಜನ ಉಳಿದದ್ದರಲ್ಲಿ ಬರಬೇಕು, ಗೋಡೆಯೂ ಅದರಲ್ಲೇ ಏಳಬೇಕು. ಅಂದು ಬಿಟ್ಟುಕೊಟ್ಟ ಸೂವೆಲ್‌ಗೆ ಡೆಟ್ರಾಯಿಟ್ 2024ರಲ್ಲಿ ಕೊಟ್ಟದ್ದು ವರ್ಷಕ್ಕೆ ಸರಾಸರಿ 2.8 ಕೋಟಿ; ಚೇಸ್‌ಗೆ ಸಿನ್ಸಿನಾಟಿ ಕೊಡುವುದು 4 ಕೋಟಿಗೂ ಮೇಲೆ. ಚೇಸ್ ಅವರ ಆಟ ನನಗೆ ತುಂಬಾ ಇಷ್ಟ. ಆದರೂ 2021ರ ಆ ಆಯ್ಕೆಯ ಖರ್ಚು ಇನ್ನೂ ತೀರಿಲ್ಲ ಎನ್ನದೆ ನಿರ್ವಾಹವಿಲ್ಲ.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಮೈಯ ಲೆಕ್ಕ. ಇಂಡಿಯಾನಾಪೊಲಿಸ್‌ನ ಆ್ಯಂಡ್ರೂ ಲಕ್ ಕೂಡ ಡ್ರಾಫ್ಟ್‌ನ ಮೊದಲ ಆಯ್ಕೆಯೇ. 86 ಪಂದ್ಯಗಳಲ್ಲಿ 174 ಸಲ ಬಿದ್ದರು. ಭುಜ, ಪಕ್ಕೆಲುಬು, ಮೂತ್ರಪಿಂಡ, ಕಾಲು ಒಂದೊಂದಾಗಿ ನೋವಿಗೆ ತುತ್ತಾದವು. 2018ರಲ್ಲಿ ಗೋಡೆ ಗಟ್ಟಿಯಾಗಿ ಬರಿ 18 ಸಲ ಬಿದ್ದರು, ಆದರೆ ಹೊತ್ತು ಮೀರಿತ್ತು. 2019ರ ಆಗಸ್ಟ್ 24ರಂದು, 29ನೇ ವಯಸ್ಸಿಗೆ ನಿವೃತ್ತಿ. ಅಭ್ಯಾಸ ಪಂದ್ಯ ನಡೆಯುತ್ತಿರುವಾಗಲೇ ಸುದ್ದಿ ಸೋರಿತು; ತಲೆ ತಗ್ಗಿಸಿ ಮೈದಾನದಿಂದ ನಡೆದುಹೋಗುವಾಗ ಸ್ವಂತ ಊರಿನವರೇ ಕೂಗಿ ಅವಮಾನಿಸಿದರು. ಆ ದೃಶ್ಯ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಲಕ್ ಪಂದ್ಯಕ್ಕೆ 2 ಸಲ ಬಿದ್ದವರು. ಬರ್ರೋ ಮೊದಲ ಐದು ಋತುಗಳ 69 ಪಂದ್ಯಗಳಲ್ಲಿ 196 ಸಲ ಬಿದ್ದಿದ್ದಾರೆ. ಪಂದ್ಯಕ್ಕೆ 2.8.

2023ರ ನವೆಂಬರ್ 16ರಂದು ಬಾಲ್ಟಿಮೋರ್‌ನಲ್ಲಿ ಎಸೆಯುವ ಬಲಗೈಯ ಮಣಿಕಟ್ಟು ಹೋಯಿತು. ಆ ವರ್ಷ 7 ಪಂದ್ಯ ತಪ್ಪಿತು. 2024ರಲ್ಲಿ 17 ಪಂದ್ಯವೂ ಆಡಿ 4,918 ಗಜ, 43 ಟಚ್‌ಡೌನ್. ಎರಡರಲ್ಲೂ ಲೀಗ್‌ಗೆ ಮೊದಲಿಗರು. ಅಷ್ಟಾದರೂ ತಂಡ 9–8ರಲ್ಲಿ ನಿಂತು ಪ್ಲೇಆಫ್‌ಗೆ ಹೋಗಲಿಲ್ಲ. 2025ರ ಸೆಪ್ಟೆಂಬರ್ 14ರಂದು, ಋತುವಿನ ಎರಡನೆಯ ಪಂದ್ಯದಲ್ಲಿ, ಜಾಕ್ಸನ್‌ವಿಲ್‌ನ ಎರಿಕ್ ಆರ್ಮ್‌ಸ್ಟೆಡ್ ಕೆಡವಿದ ಒಂದು ಸ್ಯಾಕ್‌ನಲ್ಲಿ ಎಡಗಾಲಿನ ಹೆಬ್ಬೆರಳಿನ ಕೀಲಿನ ಅಸ್ಥಿರಜ್ಜು ಹರಿಯಿತು. ಶಸ್ತ್ರಚಿಕಿತ್ಸೆ, 9 ಪಂದ್ಯ ಹೊರಗೆ. 2020ರ 6, 2023ರ 7, ಈ 9 ಸೇರಿ 22. ಆ ಆರು ಋತುಗಳಲ್ಲಿ ಬೆಂಗಾಲ್ಸ್ ಆಡಿದ್ದು ಸರಿಯಾಗಿ 100 ಪಂದ್ಯ.

ಬರ್ರೋ ಬಿದ್ದ ದಿನ ತಂಡ 2ಕ್ಕೆ 2 ಗೆದ್ದಿತ್ತು. ಅವರು ಇಲ್ಲದ 9 ಪಂದ್ಯಗಳಲ್ಲಿ ಗೆದ್ದದ್ದು 1. ನವೆಂಬರ್ 27ರ ರಾತ್ರಿ ಬಾಲ್ಟಿಮೋರ್‌ನಲ್ಲಿ ಅವರು ಮತ್ತೆ ಆ ಐವರ ಹಿಂದೆ ಬಂದು ನಿಂತರು. ಬೆಂಗಾಲ್ಸ್ 32–14ರಲ್ಲಿ ಗೆದ್ದಿತು.