ಸ್ಕ್ರೀನ್ ಮೇಲೆ ಕೆಮಿಸ್ಟ್ರಿ: ಮಕ್ಕಳಿಗೆ ಏನು ಸಿಗುತ್ತೆ, ಏನು ಸಿಗಲ್ಲ?

ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ರಾಸಾಯನಿಕ ಸಮೀಕರಣ ಸರಿದೂಗಿಸಿ ಅಂದ ಕೂಡಲೇ ಅರ್ಧ ಕ್ಲಾಸ್ ತಲೆ ತಗ್ಗಿಸುತ್ತೆ. ಲೆಕ್ಕ ಕೂಡಲಿಲ್ಲ ಅಂತ ಎಷ್ಟೋ ಮಕ್ಕಳು ಸೂತ್ರದ ಕೆಳಗಿರೋ ಚಿಕ್ಕ ಅಂಕಿಯನ್ನೇ ತಿದ್ದಿಬಿಡ್ತಾರೆ. ನಾವೂ ತಿದ್ದಿದವರೇ. ಆದ್ರೆ ಅದನ್ನ ತಿದ್ದಿದ್ರೆ ವಸ್ತುವೇ ಬದಲಾಗುತ್ತೆ. ನೀರಿನ ಸೂತ್ರ ಎಚ್2ಓ. ಓ ಕೆಳಗೆ ಒಂದು 2 ಸೇರಿಸಿದ್ರೆ ಅದು ಕುಡಿಯೋ ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್.

ಇದನ್ನ ಬೋರ್ಡ್ ಮೇಲೆ ಹತ್ತು ಸಲ ಹೇಳೋದಕ್ಕಿಂತ ಒಂದು ಸಲ ತೋರಿಸೋದು ಸುಲಭ. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ 'ಫೆಟ್' ಅನ್ನೋ ಸಿಮ್ಯುಲೇಶನ್‌ಗಳು ಇದಕ್ಕೇ ಇರೋದು. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಇದನ್ನ ಶುರು ಮಾಡಿದ್ರು. ದುಡ್ಡು ಕೊಡಬೇಕಿಲ್ಲ. ಸಮೀಕರಣದ ಸಿಮ್ಯುಲೇಶನ್‌ನಲ್ಲಿ ಮಕ್ಕಳು ಮುಂದಿನ ಅಂಕಿಯನ್ನ ಮಾತ್ರ ಬದಲಿಸಬಹುದು, ಕೆಳಗಿನದನ್ನ ಮುಟ್ಟೋಕೇ ಬರಲ್ಲ. ಒಂದು ಅಣು ಹೆಚ್ಚಿಸಿದ್ರೆ ಅದರ ಪರಮಾಣುಗಳ ಚಿತ್ರವೂ ಹೆಚ್ಚುತ್ತೆ. ಪಕ್ಕದಲ್ಲಿ ನಮ್ಮ ಅಂಗಡಿ ತಕ್ಕಡಿ ತರಹದ್ದೇ ತಕ್ಕಡಿ, ಎರಡು ಕಡೆ ಸಮ ಆಗೋವರೆಗೂ ವಾಲ್ತಾನೇ ಇರುತ್ತೆ. ನೈಟ್ರೋಜನ್ 1, ಹೈಡ್ರೋಜನ್ 3 ಹಾಕಿದ್ರೆ ಅಮೋನಿಯಾ 2 ಅನ್ನೋದು ಬಾಯಿಪಾಠ ಇಲ್ಲದೇ ಸಿಗುತ್ತೆ.

ಪಿಎಚ್ ಅಳೆಯೋದು ಇನ್ನೊಂದಿದೆ. ಹಾಲು, ಕಾಫಿ, ಕಿತ್ತಳೆ ರಸ, ಸೋಪು, ಬ್ಯಾಟರಿ ಆಸಿಡ್, ಎಲ್ಲಾ ಅದರಲ್ಲಿದೆ. ಆಸಿಡ್‌ಗೆ ನೀರು ಬೆರೆಸ್ತಾ ಹೋದ್ರೆ ಅಂಕಿ 7ರ ಹತ್ತಿರ ಬರುತ್ತೆ, ಎಷ್ಟೇ ಸುರಿದ್ರೂ 7 ದಾಟಲ್ಲ.

ಎಡವಟ್ಟು ಇರೋದೂ ಇಲ್ಲೇ. ಸ್ಕ್ರೀನ್‌ನಲ್ಲಿ ಬ್ಯಾಟರಿ ಆಸಿಡ್ ಮೇಲೆ ನಲ್ಲಿ ತಿರುಗಿಸಿದ್ರೆ ಏನೂ ಆಗಲ್ಲ. ನಿಜವಾದ ಗಟ್ಟಿ ಸಲ್ಫ್ಯೂರಿಕ್ ಆಸಿಡ್‌ಗೆ ನೀರು ಸುರಿದ್ರೆ ಬಿಸಿಯೇರಿ ಕುದ್ದು ಮುಖಕ್ಕೆ ಸಿಡಿಯುತ್ತೆ. ನೀರಿಗೇ ಆಸಿಡ್ ಅನ್ನ ಸ್ವಲ್ಪ ಸ್ವಲ್ಪ ಹಾಕಬೇಕು. ಹಾಗೇ ಟಾಯ್ಲೆಟ್ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿದ್ರೆ ಕ್ಲೋರಿನ್ ವಿಷಗಾಳಿ ಬರುತ್ತೆ. ಎರಡನ್ನೂ ಒಟ್ಟಿಗೆ ಮಾರೋ ಅಂಗಡಿಯವರು ಗಿರಾಕಿಗೆ ಒಂದು ಮಾತು ಹೇಳಿದ್ರೆ ಒಳ್ಳೇದು. ಈ ಬಿಸಿ, ಈ ವಾಸನೆ ಯಾವ ಸ್ಕ್ರೀನಿಗೂ ಬರಲ್ಲ. ಹಾಗಾಗಿ ಸಿಮ್ಯುಲೇಶನ್ ಇದೆ ಅಂತ ಲ್ಯಾಬಿಗೆ ಬೀಗ ಹಾಕೋದು ತಪ್ಪು. ಪ್ರಯೋಗಕ್ಕೆ ಮೊದಲು ಹತ್ತು ನಿಮಿಷ ತೋರಿಸಿ, ಏನಾಗಬಹುದು ಅಂತ ಮಕ್ಕಳ ಹತ್ರಾನೇ ಹೇಳಿಸಿ, ಆಮೇಲೆ ಪ್ರನಾಳ ಕೈಗೆ ಕೊಡಬೇಕು.

ನೆಟ್ ಸರಿಯಾಗಿ ಸಿಗದ ಊರಿನ ಮೇಷ್ಟ್ರುಗಳಿಗೆ ಒಂದು ಅನುಕೂಲ ಇದೆ. ಈಗಿನ ಫೆಟ್ ಸಿಮ್ಯುಲೇಶನ್‌ಗಳನ್ನ ಪೇಟೆಯಲ್ಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು. ಒಂದೊಂದೂ ಒಂದೇ ಫೈಲು, ಬ್ರೌಸರ್ ಇದ್ರೆ ಸಾಕು, ನೆಟ್ ಇಲ್ಲದೇ ಓಪನ್ ಆಗುತ್ತೆ.