ಕಾಲು ತಿರುಗುವುದು ಕೊನೆಗೆ

ಸೌತ್ ಎಂಡ್ ಸರ್ಕಲ್‌ನಲ್ಲಿ ಬಸ್ಸು ತಿರುಗುವಾಗ ನಿಂತವರೆಲ್ಲ ಒಟ್ಟಿಗೆ ಹೊರಮಗ್ಗುಲಿಗೆ ವಾಲುತ್ತಾರೆ. ಕಂಬಿ ಹಿಡಿಯದೆ ಮೊಬೈಲ್ ನೋಡುತ್ತಿದ್ದವರು ಪಕ್ಕದವರ ಹೆಗಲಿಗೆ ಹೋಗಿ ತಾಗುತ್ತಾರೆ. ಅದೇ ಹೊತ್ತಿಗೆ ಬಸ್ಸಿನ ಮಗ್ಗುಲಲ್ಲಿ ನುಸುಳುವ ಬೈಕಿನವನು ಮಾತ್ರ ಒಳಮಗ್ಗುಲಿಗೆ ಬಾಗಿರುತ್ತಾನೆ. ಇಬ್ಬರ ಮೈಯೂ ಬಯಸುವುದು ಒಂದನ್ನೇ, ನೇರ ಹೋಗುವುದನ್ನು. ಬಸ್ಸಿನವರಿಗೆ ತಿರುವು ಹೇಳದೆ ಕೇಳದೆ ಬಂತು. ಬೈಕಿನವನಿಗೆ ಅದು ಬರುವುದು ಮೊದಲೇ ಗೊತ್ತಿತ್ತು, ಆದ್ದರಿಂದ ಅವನು ಮೊದಲೇ ಬಾಗಿದ.

ಇನ್‌ಲೈನ್ ಸ್ಕೇಟ್ಸ್, ಅಂದರೆ ಸಾಲುಚಕ್ರದ ಬೂಟು, ಕಟ್ಟಿಕೊಂಡವರ ಪಾಡೂ ಬೈಕಿನವನದೇ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಎಂಜಿನ್ನು, ಹ್ಯಾಂಡಲ್ಲು, ಬ್ರೇಕು ಎಲ್ಲ ಅವರೇ.

ಭಾನುವಾರ ಬೆಳಗ್ಗೆ ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಸುತ್ತಾಡಿದರೆ ಉದ್ಯಾನದ ಅಂಚಿನ ಸಿಮೆಂಟು ನೆಲ, ಬಾಸ್ಕೆಟ್‌ಬಾಲ್ ಅಂಕಣ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಎಲ್ಲೆಂದರಲ್ಲಿ ಹೆಲ್ಮೆಟ್ ತೊಟ್ಟ ಮಕ್ಕಳು ಉರುಳುತ್ತಿರುತ್ತಾರೆ. ಮಗಳನ್ನು ಬಿಡಲು ಬಂದು, ನಾಲ್ಕು ವಾರ ಬೇಲಿಯ ಹೊರಗೆ ನಿಂತು, ಐದನೆಯ ವಾರ ತಾವೂ ಬೂಟು ಕಟ್ಟಿದ ಅಮ್ಮಂದಿರೂ ಸಿಗುತ್ತಾರೆ. ನೇರ ಹೋಗುವುದು ಒಂದೆರಡು ತಿಂಗಳಲ್ಲಿ ಬಂದುಬಿಡುತ್ತದೆ. ಕಷ್ಟ ಶುರುವಾಗುವುದು ಕೋಚ್ "ಹೋಗ್ತಾ ಹೋಗ್ತಾನೇ ಹಿಂದಕ್ಕೆ ತಿರುಗಿ" ಅಂದ ದಿನ. ವೇಗ ಕಳೆದುಕೊಳ್ಳದೆ, ದಿಕ್ಕು ಬದಲಿಸದೆ, ಮುಖ ಇದ್ದ ಕಡೆ ಬೆನ್ನು ಬರಬೇಕು. ಸ್ಕೇಟಿಂಗ್ ಭಾಷೆಯಲ್ಲಿ ಇದು ಟ್ರಾನ್ಸಿಷನ್. ಹೆಚ್ಚಿನವರು ಮಾಡುವ ಮೊದಲ ತಪ್ಪೆಂದರೆ ಕಾಲನ್ನು ನೋಡುತ್ತ ಕಾಲನ್ನೇ ತಿರುಗಿಸಲು ಹೊರಡುವುದು.

ಕಾಲು ತಿರುಗುವುದಿಲ್ಲ. ಅದಕ್ಕೆ ಕಾರಣ ಚಕ್ರದಲ್ಲಿದೆ.

ಚಕ್ರದ ಬೂಟಿನ ಇತಿಹಾಸವೇ ತಿರುಗಲಾರದ ಪೇಚಿನಿಂದ ಶುರುವಾಗುತ್ತದೆ. ಈಗಿನ ಬೆಲ್ಜಿಯಂ ಪ್ರದೇಶದಿಂದ 1760ರಲ್ಲಿ ಲಂಡನ್ನಿಗೆ ಬಂದ ಜಾನ್ ಜೋಸೆಫ್ ಮರ್ಲಿನ್ ಎಂಬ ಯಂತ್ರ ಕುಶಲಿ ಕಾಲಿಗೆ ಚಕ್ರ ಕಟ್ಟಿಕೊಂಡು, ಪಿಟೀಲು ನುಡಿಸುತ್ತ, ಸೋಹೋದ ಕಾರ್ಲೈಲ್ ಹೌಸಿನ ವೇಷದ ಕೂಟಕ್ಕೆ ಉರುಳಿಬಂದನಂತೆ. ತಿರುಗುವುದೂ ಬರದು, ನಿಲ್ಲುವುದೂ ಬರದು. ಐನೂರು ಪೌಂಡಿಗೂ ಮಿಗಿಲಾದ ಬೆಲೆಯ ನಿಲುವುಗನ್ನಡಿಗೆ ನೇರ ಹೋಗಿ ಗುದ್ದಿ, ಕನ್ನಡಿಯನ್ನೂ ಪಿಟೀಲನ್ನೂ ಚೂರು ಮಾಡಿ, ತಾನೂ ಗಾಯಗೊಂಡ ಎಂದು ಥಾಮಸ್ ಬಸ್ಬಿ ಎಂಬ ಸಂಗೀತಗಾರ ಬರೆದಿಟ್ಟಿದ್ದಾನೆ. ಕಥೆಗೆ ಸ್ವಲ್ಪ ಒಗ್ಗರಣೆ ಬಿದ್ದಿರಬಹುದು, ಭೌತಶಾಸ್ತ್ರ ಮಾತ್ರ ಸರಿಯಾಗಿದೆ. ಮೈ ವಾಲಿಸಿದರೆ ಅಚ್ಚೂ ವಾಲಿ ತಿರುಗುವ ನಾಲ್ಕು ಚಕ್ರದ ಬೂಟಿಗೆ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಪೇಟೆಂಟ್ ಪಡೆದದ್ದು 1863ರಲ್ಲಿ. ಅಚ್ಚಿನ ಕೆಳಗೆ ಆತ ಇಟ್ಟದ್ದು ರಬ್ಬರಿನ ಮೆತ್ತೆ. ಇಂದಿನ ಕ್ವಾಡ್ ಸ್ಕೇಟ್ಸ್ ಅದರ ಸಂತತಿ. ಸಾಲುಚಕ್ರದ ಬೂಟು ಮತ್ತೆ ಚಾಲ್ತಿಗೆ ಬಂದದ್ದು 1980ರ ಸುಮಾರಿಗೆ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಮಂಜಿಲ್ಲದ ಬೇಸಿಗೆಯಲ್ಲೂ ಐಸ್ ಹಾಕಿ ಅಭ್ಯಾಸ ನಡೆಯಲಿ ಎಂದು ಓಲ್ಸನ್ ಸೋದರರು ಅದನ್ನು ತಿದ್ದಿ ಮಾರಿದರು. ಮುಂದೆ ಅದೇ ರೋಲರ್‌ಬ್ಲೇಡ್ ಆಯಿತು.

ಸಾಲುಚಕ್ರದಲ್ಲಿ ರಬ್ಬರ್ ಮೆತ್ತೆಯಿಲ್ಲ. 80 ಮಿಲಿಮೀಟರ್ ವ್ಯಾಸದ ನಾಲ್ಕು ಪಾಲಿಯುರೆಥೇನ್ ಚಕ್ರಗಳು, ಅವನ್ನು ಹಿಡಿದ ಅಲ್ಯೂಮಿನಿಯಂ ಫ್ರೇಮು. ಊರಿನಲ್ಲಿ ಓಡಾಡಲು ಬಳಸುವ ಬೂಟುಗಳಲ್ಲಿ ಮೊದಲ ಚಕ್ರದ ಅಚ್ಚಿನಿಂದ ಕೊನೆಯದರ ಅಚ್ಚಿಗೆ ಸಾಮಾನ್ಯವಾಗಿ 243 ಮಿ.ಮೀ. ಬೂಟನ್ನು ನಿಂತಲ್ಲೇ ತಿರುಚಬೇಕಾದರೆ ಎರಡೂ ತುದಿಯ ಚಕ್ರಗಳು ನೆಲವನ್ನು ಅಡ್ಡಡ್ಡ ಉಜ್ಜಬೇಕು. ಮುಂದಕ್ಕೆ ಉರುಳುವುದಕ್ಕೆಂದೇ ಹುಟ್ಟಿದ ಚಕ್ರ ಅಡ್ಡಕ್ಕೆ ಜಾರಲು ಒಪ್ಪುವುದಿಲ್ಲ. ಗೋದ್ರೇಜ್ ಬೀರುವನ್ನು ಗೋಡೆ ಬದಿಯಿಂದ ತಿರುಗಿಸಿದವರಿಗೆ ಈ ಹಟ ಗೊತ್ತು. ಬೀರುವನ್ನು ಯಾರೂ ನಾಲ್ಕೂ ಕಾಲಿನ ಮೇಲೆ ತಿರುಗಿಸುವುದಿಲ್ಲ, ಒಂದು ಮೂಲೆಯ ಮೇಲೆ ಎತ್ತಿಕೊಂಡು ತಿರುಗಿಸುತ್ತಾರೆ. ಸ್ಕೇಟಿಂಗ್‌ನಲ್ಲೂ ಹಾಗೆಯೇ: ಭಾರವನ್ನು ಒಂದು ಹಿಮ್ಮಡಿಯ ಚಕ್ರಕ್ಕೋ ಮುಂಗಾಲಿನ ಚಕ್ರಕ್ಕೋ ಸರಿಸಿದರೆ ಉಳಿದ ಮೂರು ಹಗುರಾಗಿ ಬೂಟು ತಿರುಗುತ್ತದೆ.

ಇನ್ನೊಂದು ದಾರಿ ಫ್ರೇಮನ್ನೇ ತೊಟ್ಟಿಲಿನ ತಳದಂತೆ ಮಾಡುವುದು. ಒಂದೊಂದರ ನಡುವೆ 80 ಸೆಂಟಿಮೀಟರ್ ಅಂತರದಲ್ಲಿ ಸಾಲಾಗಿಟ್ಟ ಪುಟ್ಟ ಕೋನುಗಳ ನಡುವೆ ಹಾವಿನಂತೆ ನುಸುಳುವ ಸ್ಲಾಲಮ್ ಆಟಗಾರರು ನಡುವಿನ ಎರಡು ಚಕ್ರ 80 ಮಿ.ಮೀ. ಇಟ್ಟು, ತುದಿಯ ಎರಡಕ್ಕೆ 76 ಮಿ.ಮೀ. ಹಾಕುತ್ತಾರೆ. ನೆಲ ಮುಟ್ಟುವ ಉದ್ದ ಇಪ್ಪತ್ತನಾಲ್ಕು ಸೆಂಟಿಮೀಟರಿನಿಂದ ಎಂಟಕ್ಕೆ ಇಳಿಯುತ್ತದೆ. ಬೂಟು ಬುಗುರಿಯಷ್ಟು ಚುರುಕು. ಬೆಲೆ ತೆರುವುದು ಸ್ಥಿರತೆಯಲ್ಲಿ. ಹೊಸಬರು ಹಾಕಿಕೊಂಡರೆ ದೋಣಿಯಲ್ಲಿ ನಿಂತ ಹಾಗಾಗುತ್ತದೆ.

ಈಗ ವಾಲುವ ಲೆಕ್ಕ. ಬಾಸ್ಕೆಟ್‌ಬಾಲ್ ಅಂಕಣದ ನಟ್ಟನಡುವಿನ ವೃತ್ತದ ತ್ರಿಜ್ಯ 1.8 ಮೀಟರ್. ಆ ಗೆರೆಯ ಮೇಲೆ ಗಂಟೆಗೆ 9 ಕಿ.ಮೀ. ವೇಗದಲ್ಲಿ, ಅಂದರೆ ನಿಧಾನ ಓಟದ ವೇಗದಲ್ಲಿ, ಸುತ್ತುವವರು ಬೀಳದೆ ಇರಲು ಸುಮಾರು 20 ಡಿಗ್ರಿ ಒಳಕ್ಕೆ ವಾಲಬೇಕು. ವೇಗ 15 ಕಿ.ಮೀ.ಗೆ ಏರಿದರೆ 45 ಡಿಗ್ರಿ. ಅದೇ 15 ಕಿ.ಮೀ. ವೇಗದಲ್ಲಿ ಹೊರಗಿನ ಮೂರು ಅಂಕದ ಕಮಾನಿನ ಗೆರೆ ಹಿಡಿದರೆ ತ್ರಿಜ್ಯ 6.75 ಮೀಟರ್, ವಾಲು ಬರೀ 15 ಡಿಗ್ರಿ. ಬೇಕಾದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ತ್ರಿಜ್ಯ ಹಿಗ್ಗಿದಂತೆ ಇಳಿಯುತ್ತದೆ. ಈ ಲೆಕ್ಕದಲ್ಲಿ ತೂಕಕ್ಕೆ ಜಾಗವೇ ಇಲ್ಲ. ಎಂಬತ್ತು ಕಿಲೋ ಅಪ್ಪನೂ ಇಪ್ಪತ್ತು ಕಿಲೋ ಮಗಳೂ ಒಂದೇ ಗೆರೆಯಲ್ಲಿ ಒಂದೇ ವೇಗದಲ್ಲಿ ಹೋದರೆ ಒಂದೇ ಕೋನಕ್ಕೆ ವಾಲಬೇಕು. ಅಪ್ಪ ವಾಲುವುದಿಲ್ಲ, ಅದು ಧೈರ್ಯದ ಪ್ರಶ್ನೆ.

ನಲವತ್ತೈದು ಡಿಗ್ರಿ ವಾಲಬೇಕಾದರೆ ನೆಲವೂ ಅಷ್ಟು ಗಟ್ಟಿಯಾಗಿ ಚಕ್ರವನ್ನು ಹಿಡಿಯಬೇಕು. ಮೈಭಾರದಷ್ಟೇ ಬಲ ಅಡ್ಡಕ್ಕೂ ಸಿಗಬೇಕು ಎಂದರ್ಥ. ದೂಳು ಕೂತ ಸಿಮೆಂಟಿನ ಮೇಲೆ ಅದು ಸಿಗುವುದಿಲ್ಲ. ದಕ್ಷಿಣ ಬೆಂಗಳೂರಿನ ಚೆಂದವೇ ಇಲ್ಲಿ ವೈರಿ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಮರದ ಕೆಳಗೆ ಚೆಲ್ಲಿದ ಹೂವು ಅರಳು ಹರಡಿದಂತೆ ಕಾಣುತ್ತದೆ. ಅದರ ಮೇಲೆ ಚಕ್ರ ಹೋದರೆ ನೆಲಕ್ಕೂ ಪಾಲಿಯುರೆಥೇನಿಗೂ ನಡುವೆ ತೆಳ್ಳನೆ ಹಸಿ ಪದರ. ಮೊದಲ ಮಳೆ ಬಿದ್ದ ನಯ ಸಿಮೆಂಟೂ ಹಾಗೆಯೇ. ನೇರ ಹೋಗುವವರಿಗೆ ಏನೂ ಗೊತ್ತಾಗುವುದಿಲ್ಲ, ತಿರುವಿನಲ್ಲಿ ವಾಲಿದವರು ಮಾತ್ರ ಮಗ್ಗುಲಿಗೆ ಜಾರಿ ಬೀಳುತ್ತಾರೆ. ರೇಸಿನ ಟ್ರ್ಯಾಕುಗಳಲ್ಲಿ ತಿರುವನ್ನೇ ಒಳಕ್ಕೆ ಇಳಿಜಾರು ಮಾಡಿ ಈ ಕಷ್ಟ ತಪ್ಪಿಸುತ್ತಾರೆ. ಪಕ್ಕದ ಚೆನ್ನೈನ ಆನಂದಕುಮಾರ್ ವೇಲ್‌ಕುಮಾರ್ 2025ರಲ್ಲಿ ಚೀನಾದ ಬೈದೈಹೆಯಲ್ಲಿ 1000 ಮೀಟರ್ ಓಟವನ್ನು 1 ನಿಮಿಷ 24.924 ಸೆಕೆಂಡಿನಲ್ಲಿ ಮುಗಿಸಿ ಭಾರತಕ್ಕೆ ಸ್ಪೀಡ್ ಸ್ಕೇಟಿಂಗ್‌ನ ಮೊದಲ ವಿಶ್ವ ಚಿನ್ನ ತಂದರು. ಸರಾಸರಿ ಗಂಟೆಗೆ 42 ಕಿ.ಮೀ. ಸಮತಟ್ಟು ಅಂಕಣದಲ್ಲಿ ಆ ವೇಗದ ಯೋಚನೆಯನ್ನೇ ಬಿಡಬೇಕು.

ಕರ್ನಾಟಕದ ಸ್ಕೇಟಿಂಗ್ ಸುದ್ದಿಯಾದದ್ದು ಬಹುಪಾಲು ಇದಕ್ಕೆ ಪೂರ್ತಿ ಬೇರೆಯಾದ ಸಾಹಸದಿಂದ, ಸಾಲಾಗಿ ನಿಂತ ಕಾರುಗಳ ಅಡಿಯಲ್ಲಿ ನುಸುಳುವ ಲಿಂಬೋ ಸ್ಕೇಟಿಂಗ್‌ನಿಂದ. ಬೆಳಗಾವಿಯ ಮಕ್ಕಳು ಅದರಲ್ಲಿ ಹೆಸರು ಮಾಡಿದ ಮೇಲೆ, 2014ರಲ್ಲಿ ಬೆಂಗಳೂರಿನ ಆರು ವರ್ಷದ ಹುಡುಗನೊಬ್ಬ 39 ಕಾರುಗಳ ಅಡಿಯಲ್ಲಿ 69.2 ಮೀಟರ್ ದೂರವನ್ನು 29 ಸೆಕೆಂಡಿನಲ್ಲಿ ದಾಟಿದ. ಅದು ಗೆರೆ ಎಳೆದ ಹಾಗೆ ನೇರ ಓಟ, ತಿರುವೇ ಇಲ್ಲ. ಆದರೂ ಅವನ ಮೈಯಲ್ಲಿ ಟ್ರಾನ್ಸಿಷನ್ ಕಲಿಯುವವರು ಅಸೂಯೆಪಡುವ ಒಂದು ಸಂಗತಿಯಿದೆ: ಪೂರ್ತಿ ಹೊರಕ್ಕೆ ತೆರೆದುಕೊಳ್ಳುವ ಸೊಂಟದ ಕೀಲು.

ಅದರ ಬೆಲೆ ತಿಳಿಯುವುದು ಮೊಹಾಕ್ ಎಂಬ ತಿರುವಿನಲ್ಲಿ. ಬಲಗಾಲಿನ ಚಕ್ರಗಳ ಒಳ ಅಂಚಿನ ಮೇಲೆ ಎಡಕ್ಕೆ ಬಾಗುತ್ತ ಮುಂದಕ್ಕೆ ಹೋಗುತ್ತಿರುವವರು ಎಡಗಾಲನ್ನು ಎತ್ತಿ, ಪಾದವನ್ನು ಹೊರಕ್ಕೆ ತೆರೆದು, ಹಿಮ್ಮಡಿಯ ಪಕ್ಕಕ್ಕೆ ಹಿಮ್ಮಡಿ ಬರುವಂತೆ ಊರುತ್ತಾರೆ. ಒಂದು ಕ್ಷಣ ಎರಡೂ ಪಾದ ವಿರುದ್ಧ ದಿಕ್ಕಿಗೆ ನೋಡುತ್ತಿರುತ್ತವೆ. ಭಾರ ಎಡಗಾಲಿಗೆ ಬಂತು, ಬಲಗಾಲು ಎದ್ದಿತು, ಅಷ್ಟರಲ್ಲಿ ಮನುಷ್ಯ ಹಿಮ್ಮುಖ. ಸೊಗಸೆಂದರೆ ಇಷ್ಟೆಲ್ಲ ಆದರೂ ಮೈ ವಾಲಿದ ಕಡೆ ಬದಲಾಗುವುದೇ ಇಲ್ಲ. ವೃತ್ತದ ಕೇಂದ್ರ ಎಲ್ಲಿತ್ತೋ ಅಲ್ಲೇ ಇದೆ, ಬದಲಾದದ್ದು ಅದರ ಸುತ್ತ ಹೋಗುವ ಪಾದ ಮಾತ್ರ. ಇದರ ಅಣ್ಣ ತ್ರೀ-ಟರ್ನ್. ಅದರಲ್ಲಿ ಪಾದ ಬದಲಿಸುವ ಅವಕಾಶವೂ ಇಲ್ಲ, ಒಂಟಿಗಾಲಿನಲ್ಲೇ ಹೊರ ಅಂಚಿನಿಂದ ಒಳ ಅಂಚಿಗೆ ಹೊರಳಬೇಕು. ನೆಲದ ಮೇಲೆ ಉಳಿಯುವ ಗುರುತು 3ರಂತೆ ಇರುತ್ತದೆ (ಕನ್ನಡದ ೩ ಅಲ್ಲ).

ಹಿಮ್ಮಡಿಗೆ ಹಿಮ್ಮಡಿ ಜೋಡಿಸಿ, ಮಂಡಿ ಬಾಗಿಸಿ, ಪಾದಗಳನ್ನು ಹೊರಕ್ಕೆ ತೆರೆದು ನಿಲ್ಲುವುದು. ಜಯನಗರದ ಬೀದಿಬೀದಿಯಲ್ಲಿ ಭರತನಾಟ್ಯ ಕಲಿಯುವ ಹೆಣ್ಣುಮಕ್ಕಳಿಗೆ ಇದರ ಹೆಸರು ಗೊತ್ತು: ಅರೆಮಂಡಿ. ಗುರುಗಳು ಹೇಳುವುದೂ ಅದನ್ನೇ, ಪಾದ ಮಾತ್ರ ತಿರುಚಿದರೆ ಮಂಡಿ ಹಾಳಾಗುತ್ತದೆ, ತೊಡೆ ಸೊಂಟದಿಂದಲೇ ತೆರೆದುಕೊಳ್ಳಬೇಕು. ತೊಡೆಮೂಳೆಯ ಗುಂಡುತಲೆ ಸೊಂಟದ ಬಟ್ಟಲಿನಲ್ಲಿ ಕೂತಿರುವ ಈ ಕೀಲು ಸಾಮಾನ್ಯವಾಗಿ 45 ಡಿಗ್ರಿಯಷ್ಟು ಹೊರಕ್ಕೆ ಹೊರಳುತ್ತದೆ. ಎರಡು ಕಾಲೂ ಸೇರಿ ತೊಂಬತ್ತು. ಮೊಹಾಕ್ ಕೇಳುವ ನೂರೆಂಬತ್ತಕ್ಕೆ ಇದು ಸಾಲದು. ಮೈಯ ಮೇಲ್ಭಾಗ ಮೊದಲೇ ತಿರುಗಿ ನೆರವಾಗಬೇಕು. ಚಕ್ಕಳಮಕ್ಕಳ ಹಾಕಿ ಕೂತು ಉಂಡು ಬೆಳೆದವರಿಗೂ ಕಚೇರಿಯ ಕುರ್ಚಿಯಲ್ಲೇ ಹದಿನೈದು ವರ್ಷ ಕಳೆದವರಿಗೂ ವ್ಯತ್ಯಾಸ ಮೊದಲ ದಿನವೇ ಎದ್ದು ಕಾಣುತ್ತದೆ.

ಹಾಗಾದರೆ ಮೊದಲು ತಿರುಗಬೇಕಾದದ್ದು ಯಾವುದು? ಕಣ್ಣು. ಆಮೇಲೆ ತಲೆ, ಭುಜ, ಸೊಂಟ, ಎಲ್ಲಕ್ಕೂ ಕೊನೆಗೆ ಪಾದ. ಇದು ಕೋಚುಗಳು ಕಟ್ಟಿಕೊಂಡ ನಂಬಿಕೆಯೇನಲ್ಲ. ಫ್ರಾನ್ಸಿನ ಅಲೆನ್ ಬರ್ಟೋಜ್ ಮತ್ತು ಸಂಗಡಿಗರು 1990ರ ದಶಕದಲ್ಲಿ, ಮೂಲೆ ತಿರುಗಿ ನಡೆಯುವವರ ತಲೆಯ ಚಲನೆಯನ್ನು ಅಳೆದರು. ಮೈ ತಿರುಗುವುದಕ್ಕೆ ಮುನ್ನವೇ ತಲೆ ಹೊಸ ದಿಕ್ಕಿಗೆ ಹೊರಳಿರುತ್ತಿತ್ತು, ಕತ್ತಲಲ್ಲೂ. ನಡೆಯುವಾಗ ತಾನಾಗಿ ಆಗುವ ಈ ಕೆಲಸ ಚಕ್ರದ ಮೇಲೆ ಹತ್ತಿದ ಕೂಡಲೇ ಕೈಕೊಡುತ್ತದೆ. ಹೆದರಿದ ಕಣ್ಣು ನೆಲಕ್ಕೆ ಅಂಟಿಕೊಳ್ಳುತ್ತದೆ, ತಲೆ ಬಗ್ಗುತ್ತದೆ, ಭುಜ ಬಿಗಿಯುತ್ತದೆ, ಪಾದ ಒಂಟಿಯಾಗಿ ಹೆಣಗುತ್ತದೆ.

ಭುಜ ಮೊದಲು ತಿರುಗಿದಾಗ ನಡು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಪಾದಗಳನ್ನು ನೆಲದ ಹಿಡಿತದಿಂದ ಕ್ಷಣಕಾಲ ಬಿಡಿಸಿದರೆ ಆ ತಿರುಚು ಬಿಚ್ಚಿಕೊಂಡು ಕಾಲನ್ನು ತಾನೇ ಎಳೆದುಕೊಳ್ಳುತ್ತದೆ. ಬಿಡಿಸುವುದು ಹೇಗೆ ಎಂಬುದನ್ನು ಮನೆಯ ತೂಕದ ಯಂತ್ರದ ಮೇಲೆ ನೋಡಬಹುದು, ಮುಳ್ಳಿನದಾದರೆ ಇನ್ನೂ ಒಳ್ಳೆಯದು. ಮಂಡಿ ಬಾಗಿಸಿ ನಿಂತು, ಪಟ್ಟನೆ ಎದ್ದು ನಿಲ್ಲಬೇಕು. ಏಳುವ ಮೊದಲ ಕ್ಷಣ ಮುಳ್ಳು ಮೇಲಕ್ಕೆ ಜಿಗಿಯುತ್ತದೆ. ಎದ್ದು ಮುಗಿಯುವ ಹೊತ್ತಿಗೆ, ಮೈ ಇನ್ನೂ ಮೇಲಕ್ಕೆ ಹೋಗುತ್ತಿರುವಾಗಲೇ, ಅರುವತ್ತು ಕಿಲೋದವರು ನಲವತ್ತಕ್ಕೋ ಮೂವತ್ತಕ್ಕೋ ಇಳಿದುಬಿಡುತ್ತಾರೆ. ತಿರುಗಬೇಕಾದದ್ದು ಆ ಅರೆಗಳಿಗೆಯಲ್ಲಿ. ಚಕ್ರದ ಮೇಲಿನ ಭಾರ ಇಳಿದಷ್ಟೂ ಅಡ್ಡ ಉಜ್ಜುವ ಘರ್ಷಣೆಯೂ ಇಳಿದಿರುತ್ತದೆ. ಕೋಚ್ "ಕೂತ್ಕೊಳ್ಳಿ ಮೇಡಂ, ಇನ್ನೂ ಕೂತ್ಕೊಳ್ಳಿ... ಈಗ ಏಳಿ!" ಎಂದು ಕೂಗುವುದು ಈ ಮುಳ್ಳಿನ ಲೆಕ್ಕಕ್ಕೇ.

ಸುತ್ತು ಹೆಚ್ಚಾದರೆ ತಲೆ ತಿರುಗುವುದು ಇನ್ನೊಂದು ತಾಪತ್ರಯ. ಒಳಕಿವಿಯ ಮೂರು ಅರ್ಧವೃತ್ತದ ನಾಳಗಳಲ್ಲಿರುವ ದ್ರವ, ಮೈ ನಿಂತ ಮೇಲೂ ಚಲಿಸುತ್ತಲೇ ಇರುತ್ತದೆ, ಲೋಟದಲ್ಲಿ ಚಮಚ ತೆಗೆದ ಮೇಲೂ ಸುತ್ತುವ ಕಾಫಿಯಂತೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು 2013ರಲ್ಲಿ 29 ಬ್ಯಾಲೆ ನರ್ತಕಿಯರನ್ನೂ 20 ದೋಣಿ ಹುಟ್ಟುಗಾರ್ತಿಯರನ್ನೂ ಕತ್ತಲ ಕೋಣೆಯ ಕುರ್ಚಿಯಲ್ಲಿ ಸುತ್ತಿಸಿ ಹೋಲಿಸಿದರು. ನರ್ತಕಿಯರಿಗೆ ಸುತ್ತುವ ಭ್ರಮೆ ಬೇಗ ಇಳಿಯಿತು. ಕಿವಿಯ ಸಂಕೇತವನ್ನು ಸ್ವೀಕರಿಸುವ ಕಿರುಮೆದುಳಿನ ಭಾಗ ಅವರಲ್ಲಿ ಚಿಕ್ಕದಾಗಿತ್ತು. ಅಭ್ಯಾಸ ಅವರ ಮೆದುಳಿಗೆ ಕಿವಿಮಾತನ್ನು ಕೇಳದಿರುವುದನ್ನು ಕಲಿಸಿತ್ತು.

ಬೀಳುವುದಂತೂ ಇದ್ದೇ ಇದೆ. ಹಿಮ್ಮುಖ ತಿರುವಿನಲ್ಲಿ ತಪ್ಪಿದರೆ ಕೈ ತಾನಾಗಿ ನೆಲಕ್ಕೆ ಚಾಚುತ್ತದೆ, ಏಟು ಮಣಿಕಟ್ಟಿಗೆ. ಅಮೆರಿಕದ ಆಸ್ಪತ್ರೆಗಳಿಗೆ ಬಂದ 161 ಗಾಯಾಳು ಸ್ಕೇಟರ್‌ಗಳ ಬಗ್ಗೆ 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 32 ಮಂದಿಗೆ ಪೆಟ್ಟಾದದ್ದು ಮಣಿಕಟ್ಟಿಗೇ. ಮಣಿಕಟ್ಟಿನ ಗಾರ್ಡ್ ತೊಡದವರಿಗೆ ಅಪಾಯ ತೊಟ್ಟವರಿಗಿಂತ ಸುಮಾರು ಹತ್ತು ಪಟ್ಟು. ಮೊಣಕಾಲಿನ ಪ್ಯಾಡು ಹಾಕಿಸಿ ಗಾರ್ಡನ್ನು ಬ್ಯಾಗಿನಲ್ಲೇ ಬಿಡುವ ಅಪ್ಪಂದಿರು ಇದನ್ನು ಗಮನಿಸಬೇಕು.

ಕೊನೆಯದಾಗಿ ದಿಕ್ಕಿನ ವಿಚಿತ್ರ. ರಾಗಿಗುಡ್ಡದ ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವವರು ಬಲಕ್ಕೆ ತಿರುಗುತ್ತ ಹೋಗುತ್ತಾರೆ. ಎಡಬದಿಯ ಸಂಚಾರವಿರುವ ನಮ್ಮ ಸರ್ಕಲ್‌ಗಳಲ್ಲಿ ವಾಹನಗಳೂ ಪ್ರದಕ್ಷಿಣೆಯನ್ನೇ ಹಾಕುತ್ತವೆ. ಸ್ಕೇಟಿಂಗ್ ರಿಂಕ್ ಮಾತ್ರ ಅಪ್ರದಕ್ಷಿಣೆ. ಓಟದ ಟ್ರ್ಯಾಕಿನಂತೆ ಎಲ್ಲರೂ ಎಡಕ್ಕೇ ತಿರುಗುತ್ತ, ಬಲಗಾಲನ್ನು ಎಡಗಾಲಿನ ಮುಂದೆ ದಾಟಿಸುತ್ತ, ವರ್ಷಗಟ್ಟಲೆ ಸುತ್ತುತ್ತಾರೆ. ಎಡಗಡೆಯ ಕ್ರಾಸ್‌ಓವರ್ ನಿದ್ದೆಯಲ್ಲೂ ಬರುತ್ತದೆ, ಬಲಗಡೆಯದು ಬರುವುದೇ ಇಲ್ಲ. ಆದ್ದರಿಂದ ತಿಳಿದ ಕೋಚುಗಳು ತರಗತಿಯ ಕೊನೆಯ ಹತ್ತು ನಿಮಿಷ ಎಲ್ಲರನ್ನೂ ಉಲ್ಟಾ ಸುತ್ತಿಸುತ್ತಾರೆ. ಅಷ್ಟು ಹೊತ್ತು ಗಾಳಿಯಂತೆ ಹಾರುತ್ತಿದ್ದ ಎಂಟು ವರ್ಷದ ಚಾಂಪಿಯನ್ ಎರಡು ಕೈ ಚಾಚಿ, ಕಣ್ಣನ್ನು ಬೂಟಿಗೆ ನೆಟ್ಟು, ಬಲಕ್ಕೆ ತಿರುಗಲು ಹೆಣಗುತ್ತಾನೆ. ನಿನ್ನೆ ಮೊನ್ನೆ ಸೇರಿದ ಅಮ್ಮ ಪಕ್ಕದಲ್ಲೇ ಅವನನ್ನು ದಾಟಿ ಹೋಗುತ್ತಾರೆ.