ಪ್ರಾಜೆಕ್ಟ್ ವೈವಾ ಮುಗೀತು, ಊರಿಗೆ ಹೇಳೋದು ಬಾಕಿ ಐತಿ

ಇವತ್ತಿನ ಎಪಿಸೋಡ್ ಡಿಗ್ರಿ ಕಾಲೇಜಿನ ಪ್ರಾಜೆಕ್ಟ್ ಬಗ್ಗೆ. ಡಿಟಿಪಿ ಅಂಗಡಿಯಲ್ಲಿ ಬೈಂಡಿಂಗ್ ಆಗಿ, ವೈವಾ ಮುಗಿದ ಮೇಲೆ ಡಿಪಾರ್ಟ್‌ಮೆಂಟಿನ ಕಪಾಟು ಸೇರತೈತಲ್ಲ, ಅದೇ. ಅದನ್ನ ಇಡೀ ಕಾಲೇಜಿನ ಮುಂದೆ, ಸಾಧ್ಯ ಆದ್ರೆ ಊರವರ ಮುಂದೆ ಹೇಳಿದ್ರೆ ಏನು ಲಾಭ? ನರಗುಂದ ತಾಲೂಕಿನ ಕೊಣ್ಣೂರನ್ನ ಉದಾಹರಣೆಗೆ ಇಟ್ಕೊಂಡು ನೋಡೋಣ.

ಆನರ್ಸ್ ಅಂದ್ರೆ ಏನು?

ನಾನು ಬಿ.ಕಾಂ ಮಾಡಿದಾಗ ಡಿಗ್ರಿ ಅಂದ್ರೆ ಮೂರೇ ವರ್ಷ. 2021-22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ತಂತು. ನಾಲ್ಕನೇ ವರ್ಷವೂ ಓದಿದ್ರೆ ಆನರ್ಸ್. 2022ರ ಡಿಸೆಂಬರ್‌ನಲ್ಲಿ ಯುಜಿಸಿ ಕೊಟ್ಟ ಚೌಕಟ್ಟಿನ ಪ್ರಕಾರ ಮೂರು ವರ್ಷಕ್ಕೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷಕ್ಕೆ 160. ಮೊದಲ ಆರು ಸೆಮಿಸ್ಟರ್‌ನಲ್ಲಿ ಶೇ 75 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದವರು ಸಂಶೋಧನೆ ಇರೋ ಆನರ್ಸ್ ತಗೋಬಹುದು. ಅದರಲ್ಲಿ ಪ್ರಾಜೆಕ್ಟ್ ಒಂದಕ್ಕೇ 12 ಕ್ರೆಡಿಟ್.

ಆಮೇಲೆ ರಾಜ್ಯ ಸರ್ಕಾರ ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಾಡ್ತು. ಅದರ ಮಧ್ಯಂತರ ವರದಿ ಬಂದ ಮೇಲೆ, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಅಂದ್ರೆ ಹೊಸದಾಗಿ ಸೇರಿದವರಿಗೆ ಆ ನಾಲ್ಕನೇ ವರ್ಷದ ಸಂಶೋಧನೆ ಇಲ್ಲ. ಮೂರು ವರ್ಷದೊಳಗೆ ಮಾಡೋ ಸಣ್ಣ ಪ್ರಾಜೆಕ್ಟೇ ಅವರ ಪಾಲಿನ ಸಂಶೋಧನೆ. ಹಂಗಾಗಿ ಅದು ಕಪಾಟಿನಲ್ಲಿ ಕೂತ್ರೆ ನಷ್ಟ ಇನ್ನೂ ಜಾಸ್ತಿ.

ಅಂಗಡಿಕಾರ ಕೇಳೋ ಪ್ರಶ್ನೆ

ಕೊಣ್ಣೂರು ಮಲಪ್ರಭಾ ದಂಡೆಯ ಊರು, ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ಮೇಲೈತಿ. 2019ರ ಆಗಸ್ಟ್ ಪ್ರವಾಹದಲ್ಲಿ ಊರೊಳಗೆ ನೀರು ನುಗ್ಗಿತ್ತು, ಹೆದ್ದಾರಿಯೂ ಬಂದ್ ಆಗಿತ್ತು. ಒಬ್ಬ ಬಿ.ಕಾಂ ವಿದ್ಯಾರ್ಥಿನಿ 'ಪ್ರವಾಹದಿಂದ ಕಿರಾಣಿ ಅಂಗಡಿಗಳಿಗೆ ಆದ ನಷ್ಟ' ಅಂತ ಪ್ರಾಜೆಕ್ಟ್ ಮಾಡ್ತಾಳೆ ಅಂತ ಇಟ್ಕೊಳ್ರಿ. ಹಾಳಾದ ಸ್ಟಾಕ್ ಎಷ್ಟು, ಅಂಗಡಿ ಎಷ್ಟು ದಿನ ಮುಚ್ಚಿತ್ತು, ರಿಪೇರಿಗೆ ಎಷ್ಟಾಯ್ತು, ಎಲ್ಲಾ ಟೇಬಲ್ ಹಾಕ್ತಾಳೆ.

ವೈವಾದಲ್ಲಿ ಪರೀಕ್ಷಕರು ಕೇಳೋದು ಸಾಮಾನ್ಯವಾಗಿ ಸ್ಯಾಂಪಲ್ ಎಷ್ಟು, ಪದ್ಧತಿ ಯಾವುದು ಅಂತ. ಅದು ಬೇಕೇ ಬೇಕು. ಆದ್ರೆ ಅದೇ ಪ್ರಾಜೆಕ್ಟನ್ನ ಕಾಲೇಜಿನ ಹಾಲ್‌ನಲ್ಲಿ ಹೇಳುವಾಗ ಹಿಂದಿನ ಬೆಂಚಿನಲ್ಲಿ ಒಬ್ಬ ಅಂಗಡಿಕಾರ ಕೂತಿದ್ರೆ ಬೇರೇನೇ ಕೇಳ್ತಾನ: "ಯವ್ವಾ, ಉದ್ರಿ ಪುಸ್ತಕ ನೀರಾಗ ಹೋತಲ್ಲ, ಅದರ ಲೆಕ್ಕ ಎಲ್ಲೈತಿ?"

ಕಾಮರ್ಸ್‌ನವರಿಗೆ ಇದು ತಕ್ಷಣ ತಿಳೀತೈತಿ. ಉದ್ರಿ ಅಂದ್ರೆ ಬರಬೇಕಾದ ಹಣ, ಅದೂ ಅಂಗಡಿಯ ಆಸ್ತಿಯೇ. ಬರೆದಿಟ್ಟ ಪುಸ್ತಕ ಹೋದ್ರೆ ವಸೂಲಿ ಪೂರ್ತಿ ನಂಬಿಕೆ ಮೇಲೆ ನಿಲ್ಲತೈತಿ. ಸಾಲ ತಗೊಂಡವರ ಮನೆಗೂ ನೀರು ಬಂದಿದ್ರೆ, ಕೇಳೋಕೂ ಬಾಯಿ ಬರಲ್ಲ. ಒಂದು ಪ್ರಶ್ನೆಯಿಂದ ಪ್ರಾಜೆಕ್ಟಿಗೆ ಒಂದು ಅಧ್ಯಾಯವೇ ಸಿಕ್ಕಂಗಾಯ್ತು.

ಹೇಳೋದು ಹೆಂಗ?

ಹತ್ತು ನಿಮಿಷ ಸಾಕು. ನಾಲ್ಕು ಮಾತು ಬಿಡಬೇಡ್ರಿ: ನಾನು ಹುಡುಕಿದ್ದು ಏನು, ಯಾರನ್ನ ಕೇಳಿದೆ, ಏನು ಸಿಕ್ತು, ಯಾವುದನ್ನ ಲೆಕ್ಕಕ್ಕೆ ತಗೊಳ್ಳಲಿಲ್ಲ. ಕೊನೇದನ್ನ ಹೆಚ್ಚಿನವರು ನುಂಗಿಬಿಡ್ತಾರೆ, ಒಳ್ಳೆ ಪ್ರಶ್ನೆ ಹುಟ್ಟೋದು ಅಲ್ಲೇ. ರಿಪೋರ್ಟ್ ಇಂಗ್ಲಿಷ್‌ನಲ್ಲಿದ್ರೂ ಮಾತು ಕನ್ನಡದಲ್ಲಿರಲಿ. ಶೇಕಡಾ ಹೇಳಿದ ಕೂಡಲೇ 'ಅಂದ್ರೆ ಹತ್ತರಲ್ಲಿ ಇಷ್ಟು ಅಂಗಡಿ' ಅಂತ ಬಿಡಿಸಿ ಹೇಳ್ರಿ. ಮಾಹಿತಿ ಕೊಟ್ಟವರ ಹೆಸರು, ಅಂಗಡಿ ಹೆಸರು ಸ್ಲೈಡ್ ಮೇಲೆ ಹಾಕಬೇಡ್ರಿ. ಸಣ್ಣ ಊರಲ್ಲಿ ಸಾಲದ ಮಾತು ಬೇಗ ಹಬ್ಬತೈತಿ.

ಕಲ್ಲಿಗೆ ಬಂದ ದಾಖಲೆ

ದಾಖಲೆಯನ್ನ ಎಲ್ಲರ ಮುಂದೆ ತರೋದು ಕೊಣ್ಣೂರಿಗೆ ಹೊಸದಲ್ಲ. ಈ ಊರಿನ ಒಂದು ಕಲ್ಲಿನ ಶಾಸನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ, ಬಂಕೇಯನ ಕೋರಿಕೆಯಂತೆ ಕೊಳನೂರಿನ ಜೈನ ಬಸದಿಗೆ ಕೊಟ್ಟ ದಾನದ ವಿವರ ಐತಿ. ಕಾಲ ಶಕ 782, ಅಂದ್ರೆ ಕ್ರಿ.ಶ. 860. ಕೊಳನೂರು ಅಂದ್ರೆ ಇದೇ ಕೊಣ್ಣೂರು. ತಾಮ್ರಪಟದಲ್ಲಿದ್ದದ್ದನ್ನ ಆಮೇಲೆ ಕಲ್ಲಿಗೆ ಇಳಿಸಿದ್ದು ಅಂತ ಶಾಸನವೇ ಹೇಳತೈತಿ. ಎಪಿಗ್ರಾಫಿಯಾ ಇಂಡಿಕಾದ 6ನೇ ಸಂಪುಟದಲ್ಲಿ ಇದನ್ನ ಪ್ರಕಟಿಸಿದ ಕೀಲ್‌ಹಾರ್ನ್, ಇದು ಅಸಲಿ ಅಲ್ಲ ಅಂತ ಸಂಶಯ ಎತ್ತಿದ್ರು. ತಾಮ್ರಪಟ ಪೆಟ್ಟಿಗೆಯಲ್ಲೇ ಉಳಿದಿದ್ರೆ ಓದುವವರೂ ಇರ್ತಿರಲಿಲ್ಲ, ಸಂಶಯ ಪಡುವವರೂ ಇರ್ತಿರಲಿಲ್ಲ. ಕಲ್ಲಿಗೆ ಬಂತು, ಅದಕ್ಕೇ ಸಾವಿರ ವರ್ಷ ದಾಟಿದ ವಿಷಯದ ಮೇಲೆ ಇವತ್ತೂ ಮಾತು ನಡೀತೈತಿ.

ನಿಮ್ಮ ಕಾಲೇಜಿನಲ್ಲಿ ಇದಕ್ಕೆ ಬೇಕಾದ್ದು ಒಂದು ಶನಿವಾರ ಮಧ್ಯಾಹ್ನ, ಒಂದು ಪ್ರೊಜೆಕ್ಟರ್, ಇಪ್ಪತ್ತು ಕುರ್ಚಿ. ಅದರಲ್ಲಿ ಐದು ಕುರ್ಚಿ ನಿಮಗೆ ಮಾಹಿತಿ ಕೊಟ್ಟವರಿಗೆ ಮೀಸಲಿಡ್ರಿ. ನಿಮ್ಮ ಪ್ರಾಜೆಕ್ಟ್ ಯಾವುದರ ಮೇಲೆ ಅಂತ ನನಗೊಂದು ವಾಯ್ಸ್ ಮೆಸೇಜ್ ಕಳಿಸ್ರಿ, ಮುಂದೊಂದು ಎಪಿಸೋಡ್‌ನಲ್ಲಿ ಮಾತಾಡೋಣ. ಬರ್ತೀನ್ರಿ.